ಕನ್ನಡಿ ಗಿಲಾವು

ವಾಡಿ ಜಂಕ್ಷನ್ನಿನಲ್ಲಿ ಇಳಿದವರು ಯಾರೇ ಆಗಲಿ, ಅಂಬಾರಾಯನ ಕೈಗೆ ಸಿಕ್ಕರೆ ಅವನ ಬಂಗಲೆ ನೋಡದೆ ಮುಂದಿನ ಗಾಡಿ ಹತ್ತುವ ಹಾಗಿರಲಿಲ್ಲ. ಅವನು ನೆಲಕ್ಕೆ ಹಾಸುವ ಫರಸಿ ಕಲ್ಲಿನ ಕಾಂಟ್ರಾಕ್ಟರ. ರಾವೂರ, ಶಹಾಬಾದಿನ ಗಣಿಗಳಿಂದ ಬಂದ ಕಲ್ಲನ್ನು ವ್ಯಾಗನ್ನಿಗೆ ತುಂಬಿಸುವುದು ಅವನ ಕೆಲಸ. ಹೀಗಾಗಿ ದಿನವೆಲ್ಲ ಸ್ಟೇಷನ್ನಿನಲ್ಲೇ ಇರುತ್ತಿದ್ದ. ಗಾಡಿಗೆ ಇನ್ನೂ ಎರಡು ತಾಸು ಇದೆ ಎಂದು ಯಾರಾದರೂ ಬಾಯಿಬಿಟ್ಟರೆ ಸಾಕು, ಅವರ ಪೆಟ್ಟಿಗೆ ಹಮಾಲನ ತಲೆಯ ಮೇಲೆ, ಅವರು ಅಂಬಾರಾಯನ ಬೆನ್ನ ಹಿಂದೆ.

ತೋರಿಸುವುದಕ್ಕೂ ಒಂದು ಕ್ರಮವಿತ್ತು. ಮೊದಲು ತಲೆಬಾಗಿಲ ಮೇಲೆ ಕಲ್ಲಿನಲ್ಲಿ ಕೊರೆದ ಉರ್ದು ಅಕ್ಷರ, ನಿಜಾಮರ ಲೆಕ್ಕದಲ್ಲಿ ಮನೆ ಕಟ್ಟಿದ ವರ್ಷ, ಫಸಲಿ ಸಾವಿರದ ಮುನ್ನೂರ ಆರು. ಆಮೇಲೆ ಬಾಗಿಲುಗಳ ತಲೆಗೆ ಕೂಡಿಸಿದ ಅರ್ಧಚಂದ್ರದ ಬಣ್ಣದ ಗಾಜು. ಮಧ್ಯಾಹ್ನ ಮೂರಕ್ಕೆ ಬಂದವರಿಗೆ ನೆಲದ ಮೇಲೆ ಕೆಂಪು, ಹಸಿರು, ಹಳದಿ ಬಿಸಿಲು ನೋಡಲು ಸಿಗುತ್ತಿತ್ತು. ತೇಗದ ಮಾಳಿಗೆ, ಅದರಲ್ಲಿ ಬೀಸಣಿಗೆ ತೂಗುಹಾಕುತ್ತಿದ್ದ ಹಿತ್ತಾಳೆ ಕೊಂಡಿ, ಆ ಬೀಸಣಿಗೆಯ ಹಗ್ಗ ಹಾಯಲು ಗೋಡೆಯಲ್ಲಿ ಮಾಡಿದ ತೂತು. ಹೆಂಗಸರ ಜನಾನಾ ಅಂಗಳದ ಕಡೆ ಒಂದೇ ಕಲ್ಲಿನಲ್ಲಿ ಕಡಿದ ಜಾಲರಿ. ಕಟ್ಟಕಡೆಗೆ ಪಡಸಾಲೆಯ ಪಡುವಣ ಗೋಡೆ. ಅಲ್ಲಿ ಬಂದವರನ್ನು ನಿಲ್ಲಿಸಿ, ಮುಖ ನೋಡಿಕೊಳ್ಳಿರಿ ಅನ್ನುತ್ತಿದ್ದ. ಸುಣ್ಣದ ಗೋಡೆಯಲ್ಲಿ ತಮ್ಮ ಮುಖ, ಮೀಸೆ ಸಮೇತ ಕಂಡಾಗ ಎಂಥವರೂ ಒಮ್ಮೆ ಬೆರಳಿನಿಂದ ಮುಟ್ಟಿ ನೋಡುತ್ತಿದ್ದರು. ಮುಟ್ಟಿದ ಗುರುತನ್ನು ಅಂಬಾರಾಯ ತನ್ನ ಧೋತರದ ತುದಿಯಿಂದ ಒರೆಸುತ್ತಿದ್ದ.

ಬಂಗಲೆ ಕಟ್ಟಿಸಿದವರು ನಿಜಾಮರ ರೈಲ್ವೆಯಲ್ಲಿದ್ದ ಒಬ್ಬ ಇಂಜಿನಿಯರ ಸಾಹೇಬರು. ಅವರು ತೀರಿಹೋಗಿ, ಪೊಲೀಸ್ ಆ್ಯಕ್ಷನ್ ಆಗಿ, ಮಕ್ಕಳೆಲ್ಲ ಹೈದರಾಬಾದ್ ಸೇರಿದ ಮೇಲೆ ಐದು ವರ್ಷ ಬೀಗ ಬಿದ್ದಿತ್ತು. ಮಾಳಿಗೆ ಸೋರಿ, ಬಾವಲಿ ಹೊಕ್ಕು, ಪಡುವಣ ಗೋಡೆಯ ಸುಣ್ಣದ ಗಿಲಾವು ಅರ್ಧದಷ್ಟು ಹಾಳೆ ಹಾಳೆಯಾಗಿ ಬಿದ್ದಿತ್ತು. ಐವತ್ಮೂರರ ದಸರೆಯಲ್ಲಿ ಅಂಬಾರಾಯ ಅದನ್ನು ಕೊಂಡಾಗ, ಗಂಡಹೆಂಡತಿ ಇಬ್ಬರಿಗೆ ಹನ್ನೊಂದು ಬಾಗಿಲಿನ ಮನೆ ಯಾಕೆ ಎಂದು ಗೂಡ್ಸ್ ಶೆಡ್ಡಿನಲ್ಲಿ ನಕ್ಕರು. ಇಬ್ಬರಿಗೆ ಅಲ್ಲ ಎನ್ನುವುದು ಅವನ ಹೆಂಡತಿ ಗುರುದೇವಿಗೆ ಮಾತ್ರ ಗೊತ್ತಿತ್ತು.

ಅವರಿಗೆ ಒಬ್ಬಳು ಮಗಳಿದ್ದಳು, ಬಸ್ಸಮ್ಮ. ನಲವತ್ತೆಂಟರ ಬೇಸಿಗೆಯಲ್ಲಿ ಸ್ಟೇಷನ್ನಿನಲ್ಲಿ ದಿನಕ್ಕೊಂದು ಸುದ್ದಿ, ದಿನಕ್ಕೊಂದು ಗಾಬರಿ ಎನ್ನುವಾಗ, ಎರಡು ವರ್ಷದ ಆ ಕೂಸನ್ನು ನಾಲ್ಕು ದಿನಕ್ಕೆಂದು ರಾವೂರಿನ ಅಜ್ಜಿಯ ಹತ್ತಿರ ಕಳಿಸಿದ್ದರು. ನಾಲ್ಕು ದಿನ ಆರು ವರ್ಷವಾಯಿತು. ಗಂಡಹೆಂಡತಿ ಇದ್ದದ್ದು ಗೂಡ್ಸ್ ಶೆಡ್ಡಿನ ಹಿಂದೆ ಒಂದೇ ಖೋಲಿಯಲ್ಲಿ. ಇದ್ದಿಲ ಹೊಗೆ, ಇಂಜಿನ್ನಿನ ಸಪ್ಪಳ. ಕೂಸನ್ನು ಕಳಿಸಿರಿ ಎಂದಾಗಲೆಲ್ಲ ಅತ್ತೆ ಸೂಗಮ್ಮ ಮೊದಲು ಮನೆ ಮಾಡಿರಿ ಅನ್ನುತ್ತಿದ್ದಳು. ಕಳಿಸದೇ ಇರುವ ನೆಪವೋ, ನಿಜವಾದ ಕಾಳಜಿಯೋ, ಎರಡನ್ನೂ ಬೇರೆ ಮಾಡಲು ಬರುತ್ತಿರಲಿಲ್ಲ. ರಾವೂರಿನಲ್ಲಿ ಮೈದುನ ಮಾಣಿಕಪ್ಪ ಅತ್ತಿಗೆ ಗುರುದೇವಿಯನ್ನು ಆ ಕಡೆಯ ರೂಢಿಯಂತೆ ವೈನಿ ಎಂದು ಕರೆಯುತ್ತಿದ್ದ. ಅದನ್ನೇ ಕೇಳಿ ಬೆಳೆದ ಹುಡುಗಿಯೂ ಹೆತ್ತ ತಾಯಿಯನ್ನು ವೈನಿ ಎಂದೇ ಕರೆಯುತ್ತಿದ್ದಳು. ಹಬ್ಬಕ್ಕೆ ಹೋದಾಗ, ವೈನಿ ಬಂದಳು ಎಂದು ಮಗಳು ಒಳಗೆ ಕೂಗಿ ಹೇಳುವುದನ್ನು ಕೇಳಿ ಗುರುದೇವಿ ನಗುತ್ತಿದ್ದಳು, ತಿರುಗಿ ಬರುವಾಗ ಗಾಡಿಯಲ್ಲಿ ಅಳುತ್ತಿದ್ದಳು.

ಬಂಗಲೆಯನ್ನು ಕೊಂಡವನು ಅಂಬಾರಾಯನಾದರೂ ಎಬ್ಬಿಸಿ ನಿಲ್ಲಿಸಿದವಳು ಅವಳೇ. ಅತ್ತೆ ಬಂದು ಒಂದು ಕಡ್ಡಿಯಷ್ಟೂ ಹೆಸರಿಡಬಾರದು, ಮಗಳು ಬಂದರೆ ತಿರುಗಿ ಹೋಗುವ ಮಾತು ಎತ್ತಬಾರದು ಎನ್ನುವ ಹಟ. ದಿನಾ ಬೆಳಿಗ್ಗೆ ರೊಟ್ಟಿ ಬಡಿದಿಟ್ಟು ಬಂಗಲೆಗೆ ಬಂದರೆ ಸಂಜೆಯವರೆಗೆ ಅಲ್ಲೇ. ಹಿತ್ತಾಳೆ ಚಿಲಕಗಳನ್ನು ಹುಣಸೆಹಣ್ಣಿನಿಂದ ತಿಕ್ಕಿದಳು. ಒಡೆದ ಬಣ್ಣದ ಗಾಜಿಗೆ ಹೈದರಾಬಾದಿನಿಂದ ಗಾಜು ತರಿಸಿದಳು. ಸಾಹೇಬರ ಸೊಸೆ ಖುರ್ಷಿದಬೇಗಂ ಎನ್ನುವವಳು ಮಾತ್ರ ಹೈದರಾಬಾದಿಗೆ ಹೋಗದೆ ಹಿಂದಿನ ಓಣಿಯಲ್ಲಿ ತಮ್ಮನ ಮನೆಯಲ್ಲಿ ಉಳಿದಿದ್ದಳು. ಮೊದಮೊದಲು ಅವಳನ್ನು ಕರೆಯಲು ಗುರುದೇವಿಗೆ ನಾಚಿಕೆಯಾಗಿತ್ತು. ಅವಳೇ ಬಾಳಿದ ಮನೆಗೆ ಅವಳನ್ನು ಅತಿಥಿ ಎಂದು ಹೇಗೆ ಕರೆಯುವುದು. ಕೊನೆಗೆ ಖುರ್ಷಿದಬೇಗಂ ತಾನೇ ಬಂದಳು. ಯಾವ ಬಾಗಿಲು ಮಳೆಗಾಲದಲ್ಲಿ ಉಬ್ಬುತ್ತದೆ, ಯಾವ ಕಿಟಕಿ ತೆರೆದರೆ ಸಂಜೆಯ ಗಾಳಿ ಬರುತ್ತದೆ, ಉಪ್ಪಿನಕಾಯಿ ಭರಣಿ ಯಾವ ಮಾಡದಲ್ಲಿ ಕೆಡುವುದಿಲ್ಲ ಎಂದೆಲ್ಲ ಹೇಳಿಕೊಟ್ಟಳು. ಹೇಳುವಾಗ ಅವಳ ಧ್ವನಿ ಎಂದೂ ನಡುಗಲಿಲ್ಲ. ಹೊರಡುವಾಗ ಮಾತ್ರ ಜಾಲರಿಯ ಕಲ್ಲನ್ನು ಒಮ್ಮೆ ಸವರಿ ಹೋಗುತ್ತಿದ್ದಳು.

ಎಲ್ಲ ಮುಗಿದು ಪಡುವಣ ಗೋಡೆಯೊಂದು ಉಳಿಯಿತು. ಆ ಬಗೆಯ ಗಿಲಾವು ಗೊತ್ತಿದ್ದವನು ಆ ಭಾಗದಲ್ಲಿ ಒಬ್ಬನೇ, ಚಿತ್ತಾಪುರದ ಬಾಬುಮಿಯಾ. ಎಪ್ಪತ್ತು ಮುಟ್ಟಿದ ಮುದುಕ. ಸುಣ್ಣವನ್ನು ತಿಂಗಳುಗಟ್ಟಲೆ ನೆನೆಸಿ, ಗಾಣದಲ್ಲಿ ಅರೆದು, ಬೆಲ್ಲದ ನೀರು, ಅಳಲೆಕಾಯಿ ನೀರು ಬೆರೆಸಿ ಹಚ್ಚಿದ. ಒಣಗಿತು. ಗೋಡೆ ಗಟ್ಟಿಯಾಯಿತು, ಹೊಳಪು ಬರಲಿಲ್ಲ. ಹಳೆಯ ಗಿಲಾವು ಉಳಿದ ಅರ್ಧ ಗೋಡೆ ಕನ್ನಡಿಯ ಹಾಗೆ, ಹೊಸದು ಹಚ್ಚಿದ ಅರ್ಧ ಬೂದಿ ಬಳಿದ ಹಾಗೆ. ಗುರುದೇವಿ ಯಾಕೆ ಎಂದು ಕೇಳಿದಳು. ಮುದುಕ ನೆಲ ನೋಡಿದ. ನಿಮ್ಮ ಮನೆತನ ಗೊತ್ತಿದ್ದದ್ದಕ್ಕೆ ಒಂದು ಸಾಮಾನು ಬಿಟ್ಟು ಮಾಡಿದ್ದೇನೆ ಎಂದ.

"ಏನದು?"

"ತತ್ತಿ, ತಾಯಿ. ತತ್ತಿಯ ಬಿಳೇದು. ಹಳೀ ಗ್ವಾಡಿಯೊಳಗೂ ಅದೇ ಅದ. ನಮ್ಮಪ್ಪ ಹಚ್ಚಿದ್ದು, ನಾ ಸಣ್ಣಾಂವ ಇದ್ದಾಗ ಒಡದು ಕೊಟ್ಟೀನಿ. ಇನ್ನೂರು ತತ್ತಿ ಇಲ್ಲದ ಈ ಗ್ವಾಡಿ ನಗಂಗಿಲ್ಲ."

ಗುರುದೇವಿಯದು ಮಾಂಸ, ತತ್ತಿ ಮುಟ್ಟದ ಮನೆತನ. ಮನೆಯಲ್ಲಿ ಇಷ್ಟಲಿಂಗ ಕಟ್ಟಿಕೊಂಡವರು. ತತ್ತಿ ಎನ್ನುವ ಮಾತನ್ನು ಊಟದ ಹೊತ್ತಿನಲ್ಲಿ ಆಡಿದರೂ ಅವಳ ತವರಿನಲ್ಲಿ ಬಾಯಿ ಮುಕ್ಕಳಿಸಲು ಹೇಳುತ್ತಿದ್ದರು. ಮೂರು ದಿನ ಆ ಅರ್ಧ ಗೋಡೆಯ ಮುಂದೆ ಹೋಗಿ ಬಂದು ಮಾಡಿದಳು. ಮಗಳಿಗಾಗಿ ಎಂದು ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ನಿಜವಲ್ಲ. ಅವಳಿಗೆ ಆ ಗೋಡೆಯ ಮೇಲೆ ಮನಸ್ಸು ಬಿದ್ದಿತ್ತು, ಹೆಂಗಸಿಗೆ ಒಂದು ಸೀರೆಯ ಮೇಲೆ ಬೀಳುವ ಹಾಗೆ. ನಾಲ್ಕನೇ ದಿನ ಏನು ಹಾಕಬೇಕೋ ಹಾಕಿರಿ, ನಮ್ಮ ಅತ್ತೆಗೆ ಮಾತ್ರ ಹೇಳಬೇಡಿರಿ ಎಂದು ಬಾಬುಮಿಯಾಗೆ ಹೇಳಿದಳು. ಗಂಡನಿಗೂ ಹೇಳಲಿಲ್ಲ. ಅವನ ಬಾಯಲ್ಲಿ ಮಾತು ನಿಲ್ಲುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಖುರ್ಷಿದಬೇಗಂ ಮನೆಯ ಕೋಳಿ, ಓಣಿಯವರ ಕೋಳಿ, ಎಲ್ಲ ಕೂಡಿ ಹದಿನೈದು ದಿನ ತತ್ತಿ ಕೊಟ್ಟವು. ಮೇಲೆ ಪುಂಡಿಪಲ್ಯ ಮುಚ್ಚಿದ ಬುಟ್ಟಿಯಲ್ಲಿ ಗುರುದೇವಿಯೇ ತಂದಳು. ಮೊದಲ ದಿನ ಸೆರಗಿನಿಂದ ಹಿಡಿದಳು, ಹತ್ತನೇ ದಿನ ಬರಿಗೈಯಿಂದ. ಹಳದಿ ಲೋಳೆಯನ್ನು ಕೂಲಿಯವರು ಮನೆಗೆ ಒಯ್ದರು. ಬಾಬುಮಿಯಾ ನುಣುಪು ಕಲ್ಲು ಹಿಡಿದು ಎಂಟು ದಿನ ತಿಕ್ಕಿದ. ಗೋಡೆ ನಕ್ಕಿತು. ಅದನ್ನು ನೋಡಿ ಅಂಬಾರಾಯ ಬಾಬುಮಿಯಾನಿಗೆ ಒಂದು ಜರಿಯ ರುಮಾಲು ಕೊಟ್ಟ.

ಐವತ್ನಾಲ್ಕರ ವೈಶಾಖದಲ್ಲಿ ಸೂಗಮ್ಮ ಮೊಮ್ಮಗಳನ್ನು ಕರೆದುಕೊಂಡು ಬಂದಳು. ಸಣ್ಣ ಮೈಕಟ್ಟಿನ, ನೆಟ್ಟಗೆ ನಡೆಯುವ ಮುದುಕಿ. ಹನ್ನೊಂದೂ ಬಾಗಿಲು ನೋಡಿದಳು. ಅಡಿಗೆಮನೆಯಲ್ಲಿ ಒಲೆಯ ದಿಕ್ಕು ಸರಿಯಿದೆ ಎಂದಳು. ದೇವರಮನೆಗೆ ಬಾಗಿಲು ಚಿಕ್ಕದು ಎಂದಳು. ಕೂಸಿಗೆ ಓಡಾಡಲು ಜಾಗ ಭಾಳ ಆಯಿತು ಎಂದಳು. ಬಸ್ಸಿ ಬಣ್ಣದ ಬಿಸಿಲಿನಲ್ಲಿ ಕಾಲಿಟ್ಟು, ಕಾಲು ಕೆಂಪಾಯಿತು ಎಂದು ಕಿರುಚಿ, ಹಸಿರಿಗೆ ಜಿಗಿದು, ಸಂಜೆಯವರೆಗೆ ಅಲ್ಲಿಂದ ಕದಲಲಿಲ್ಲ. ಆ ದಿನ ರಾತ್ರಿಯ ಊಟಕ್ಕೆ ಅತ್ತೆ ತಾನಾಗಿ, ಜೂನಿನಲ್ಲಿ ಹುಡುಗಿಯ ಹೆಸರು ಇಲ್ಲಿಯ ಸಾಲೆಯಲ್ಲೇ ಹಚ್ಚಿರಿ, ನಾನೂ ಇಲ್ಲೇ ಇರುತ್ತೇನೆ ಎಂದಳು. ಗುರುದೇವಿ ಹಂಚಿಗೆ ಹಾಕಿದ್ದ ರೊಟ್ಟಿ ಸೀದುಹೋಯಿತು.

ಎರಡು ದಿನ ಬಿಟ್ಟು ಮನೆ ಹೊಗುವ ಕಾರ್ಯ. ನಾಲವಾರದ ಕಡೆಯಿಂದ ಗುರುಲಿಂಗಯ್ಯ ಎನ್ನುವ ಅಯ್ಯನವರು ರೈಲಿನಲ್ಲಿ ಬಂದರು. ಮನೆತನಕ್ಕೆ ಬೇಕಾದ ಹಿರಿಯರು. ಪಾದಪೂಜೆಯಾಯಿತು, ಇಷ್ಟಲಿಂಗದ ಪೂಜೆಯಾಯಿತು. ಅವರನ್ನೂ ನಾಲ್ಕು ಮಂದಿ ಬೀಗರನ್ನೂ ಪಡಸಾಲೆಯಲ್ಲಿ ಪಡುವಣ ಗೋಡೆಗೆ ಬೆನ್ನು ಮಾಡಿ ಕೂಡಿಸಿದರು. ಹೋಳಿಗೆ, ಕಟ್ಟಿನ ಸಾರು, ಬದನೆಕಾಯಿ ಪಲ್ಯ. ಸೂಗಮ್ಮ ಬಾಗಿಲ ಮರೆಯಲ್ಲಿ ತುಪ್ಪದ ಗಿಂಡಿ ಹಿಡಿದು ನಿಂತಿದ್ದಳು.

ಅಯ್ಯನವರು ಒಂದು ಹೋಳಿಗೆ ಉಂಡು, ಗೋಡೆಯ ಕಡೆ ತಿರುಗಿ, ಇಂಥ ಕೆಲಸ ತಾವು ಮಠದಲ್ಲೂ ನೋಡಿಲ್ಲ ಎಂದರು. ಅಷ್ಟೇ ಬೇಕಾಗಿತ್ತು ಅಂಬಾರಾಯನಿಗೆ. ಅಂಗಳದಲ್ಲಿ ಬೇವಿನ ನೆರಳಿಗೆ ಕೂತಿದ್ದ ಬಾಬುಮಿಯಾನನ್ನು ಕರೆದು ಬಾಗಿಲಲ್ಲಿ ನಿಲ್ಲಿಸಿದ. ಅಡಿಗೆಮನೆಯಿಂದ ಗುರುದೇವಿ ಗಂಡನನ್ನು ಎರಡು ಸಲ ಕೂಗಿದಳು. ಅವನಿಗೆ ಕೇಳಲಿಲ್ಲ.

"ಹೇಳ್ರಿ ಉಸ್ತಾದ, ಹ್ಯಾಂಗ ಮಾಡ್ದಿರಿ ಅಂತ ಅಯ್ಯನೋರಿಗಿ ಹೇಳ್ರಿ. ಒಂದೂ ಬಿಡಬ್ಯಾಡ್ರಿ."

ಬಾಬುಮಿಯಾ ಜೀವಮಾನದಲ್ಲಿ ಸಾವಿರ ಗೋಡೆ ಹಚ್ಚಿದ್ದ. ಹೇಗೆ ಹಚ್ಚಿದೆ ಎಂದು ಮಂದಿಯ ಮುಂದೆ ಅವನನ್ನು ಕೇಳಿದ್ದು ಅದೇ ಮೊದಲು. ಜರಿಯ ರುಮಾಲು ಸರಿಮಾಡಿಕೊಂಡು ಶುರುಮಾಡಿದ. ಸುಣ್ಣ ಹೇಳಿದ, ಗಾಣ ಹೇಳಿದ, ಬೆಲ್ಲ, ಅಳಲೆಕಾಯಿ ಹೇಳಿದ. ಅತ್ತೆಗೆ ಹೇಳಬೇಡಿರಿ ಎಂದಿದ್ದರು. ಅಯ್ಯನವರಿಗೆ ಹೇಳಬೇಡಿರಿ ಎಂದಿರಲಿಲ್ಲ. ಅತ್ತೆ ಬಾಗಿಲ ಮರೆಯಲ್ಲಿದ್ದದ್ದು ಅವನಿಗೆ ಕಾಣಲೂ ಇಲ್ಲ. ಕೊನೆಗೆ, ಇದೆಲ್ಲಾ ಯಾರು ಬೇಕಾದರೂ ಮಾಡುತ್ತಾರೆ, ಹೊಳಪು ಬರುವುದು ಇನ್ನೂರು ತತ್ತಿಯ ಬಿಳಿಯದರಿಂದ ಎಂದ.

ಪಡಸಾಲೆಯಲ್ಲಿ ಕೈಗಳೆಲ್ಲ ನಿಂತವು. ಬೀಗರಲ್ಲಿ ಒಬ್ಬ ಬೆನ್ನು ಮುಂದಕ್ಕೆ ಎಳೆದುಕೊಂಡ. ಎಲ್ಲರೂ ಅಯ್ಯನವರನ್ನು ನೋಡಿದರು. ಮುಂದೆ ಬಂದ ಪ್ರಸಾದವನ್ನು ಬಿಟ್ಟು ಏಳುವ ಹಾಗಿಲ್ಲ, ಅಗುಳು ಉಳಿಸುವ ಹಾಗಿಲ್ಲ. ಅದು ಅವರ ನೇಮ. ಅವರು ತಲೆತಗ್ಗಿಸಿ ಗಂಗಾಳದಲ್ಲಿ ಇದ್ದದ್ದೆಲ್ಲ ಉಂಡರು. ನೀರು ಹಾಕಿ ಗಂಗಾಳ ತೊಳೆದು ಆ ನೀರನ್ನೂ ಕುಡಿದರು. ಎದ್ದರು. ತಾಂಬೂಲದ ತಟ್ಟೆ ಮುಂದೆ ಹಿಡಿದರೆ ಮುಟ್ಟಲಿಲ್ಲ. ಮೂರು ಗಂಟೆಯ ಗಾಡಿಗೆ ಹೋಗಬೇಕು ಎಂದಷ್ಟೇ ಹೇಳಿ ಹೊರಟುಹೋದರು. ಬೈದಿದ್ದರೆ ಮನೆಯವರಿಗೆ ಅಷ್ಟು ಕೆಟ್ಟದೆನಿಸುತ್ತಿರಲಿಲ್ಲ.

ಸೂಗಮ್ಮ ತುಪ್ಪದ ಗಿಂಡಿಯನ್ನು ಕೆಳಗಿಟ್ಟು ಸೊಸೆಯ ಹತ್ತಿರ ಬಂದಳು.

"ನಿನಗ ಗೊತ್ತಿತ್ತೇನು?"

"ಗೊತ್ತಿತ್ರಿ ಅತ್ತಿ."

"ಅವನಿಗಿ?"

"ಅವರಿಗಿ ಗೊತ್ತಿಲ್ಲ. ತತ್ತಿ ತಂದಾಕಿ ನಾನೇ."

"ಆ ಕೈಲೆ ಎರಡು ದಿನ ನನಗ ಉಣಿಸೀದಿ," ಎಂದಳು ಸೂಗಮ್ಮ.

ಸಂಜೆಗೆ ಅವಳು ತನ್ನ ಗಂಟು, ಲಿಂಗಪೂಜೆಯ ಸಾಮಾನು, ಮೊಮ್ಮಗಳ ಹಾಸಿಗೆ ಎಲ್ಲ ತೆಗೆದುಕೊಂಡು ಹಿತ್ತಲಿನ ಕುದುರೆ ಲಾಯಕ್ಕೆ ಹೋದಳು. ಸಾಹೇಬರ ಕಾಲದ ಲಾಯ. ಮೂರು ಕಲ್ಲಿಟ್ಟು ಒಲೆ ಹೂಡಿದಳು. ಕಾರಹುಣ್ಣಿಮೆಗೆ ಮಾಣಿಕಪ್ಪ ಎತ್ತಿನ ಗಾಡಿ ತರುತ್ತಾನೆ, ಆ ಗೋಡೆ ಅಷ್ಟರಲ್ಲಿ ಕಿತ್ತಿದ್ದರೆ ಇರುತ್ತೇನೆ, ಇಲ್ಲದಿದ್ದರೆ ಹುಡುಗಿಯನ್ನು ಕರೆದುಕೊಂಡು ರಾವೂರಿಗೆ ಹೋಗುತ್ತೇನೆ, ಮತ್ತೆ ಈ ಹೊಸ್ತಿಲು ತುಳಿಯುವುದಿಲ್ಲ ಎಂದು ಮಗನಿಗೆ ಹೇಳಿ ಕಳಿಸಿದಳು. ಕಾರಹುಣ್ಣಿಮೆಗೆ ಇನ್ನೂ ಐದು ವಾರವಿತ್ತು.

ಹೀಗೆ ಒಂದೇ ಕಂಪೌಂಡಿನಲ್ಲಿ ಎರಡು ಒಲೆ ಹೊತ್ತತೊಡಗಿದವು. ಅತ್ತೆ ಲಾಯದಲ್ಲಿ ರೊಟ್ಟಿ ಬಡಿದರೆ ಸೊಸೆ ಬಂಗಲೆಯಲ್ಲಿ ಬಡಿದಳು. ಗುರುದೇವಿ ದಿನಾ ಒಂದು ಬಟ್ಟಲಿನಲ್ಲಿ ಪಲ್ಯ ಹಾಕಿ ಲಾಯದ ಬಾಗಿಲಲ್ಲಿ ಇಡುತ್ತಿದ್ದಳು. ಸಂಜೆಗೆ ಬಟ್ಟಲು ಇಟ್ಟಲ್ಲೇ, ಪಲ್ಯ ಒಣಗಿ ಇರುತ್ತಿತ್ತು. ಅಂಬಾರಾಯ ಇಬ್ಬರಿಗೂ ಬೇಜಾರಾಗಬಾರದೆಂದು ಮೊದಲು ತಾಯಿಯ ಒಲೆಯ ಮುಂದೆ ಉಂಡು, ಆಮೇಲೆ ಹೆಂಡತಿಯ ಒಲೆಯ ಮುಂದೆ ಉಣ್ಣುತ್ತಿದ್ದ. ಮನೆಯ ಜಗಳದಿಂದ ಮೈಬಂದವನು ಅವನೊಬ್ಬನೇ.

ಅವನು ಹೆಂಡತಿಯನ್ನು ಎರಡು ದಿನ ಬೈದ. ಬೀಗರ ಮುಂದೆ ಮೂಗು ಕೊಯ್ದೆ ಎಂದ, ಗಂಡನಿಗೆ ಹೇಳದೆ ಮನೆಯೊಳಗೆ ತತ್ತಿ ತಂದವಳು ನೀನೊಬ್ಬಳೇ ಇರಬೇಕು ಎಂದ. ತಪ್ಪು ತನ್ನದು ಎನ್ನುವುದರಲ್ಲಿ ಗುರುದೇವಿಗೆ ಅನುಮಾನವೇ ಇರಲಿಲ್ಲ. ಮೂರನೇ ದಿನ ಅವಳು, ಹಾಗಾದರೆ ನಾಳೆಯೇ ಆಳು ಕರೆಸಿರಿ, ಗೋಡೆ ಕೀಳಿಸೋಣ ಎಂದಳು. ಆಗ ಅಂಬಾರಾಯನ ಬೈಗುಳ ಅರ್ಧಕ್ಕೆ ನಿಂತಿತು.

ಗೋಡೆ ಕೀಳುವುದಕ್ಕೆ ಅವನ ಮನಸ್ಸು ಬರಲಿಲ್ಲ. ಅವ್ವ ಇಳಿಯುತ್ತಾಳೆ, ನಾಲ್ಕು ದಿನ ತಡೆ ಎಂದ. ಹಚ್ಚುವಾಗ ಗೊತ್ತಿದ್ದರೆ ಬೇಡ ಅನ್ನುತ್ತಿದ್ದೆ, ಆದದ್ದು ಆಗಿಹೋಯಿತು ಎಂದ. ಒಣಗಿದ ಮೇಲೆ ತತ್ತಿ ಎಲ್ಲಿ ಉಳಿಯಿತು, ಸುಣ್ಣವೇ ಆಯಿತಲ್ಲ ಎಂದು ವಾದ ಹೂಡಿದ. ಸ್ಟೇಷನ್ನಿನಿಂದ ಜನರನ್ನು ಕರೆತರುವುದೂ ನಿಲ್ಲಲಿಲ್ಲ. ಈಗ ಗಿಲಾವಿನ ಕಥೆಯನ್ನು ಅಳಲೆಕಾಯಿಗೆ ನಿಲ್ಲಿಸುತ್ತಿದ್ದ, ಅಷ್ಟೇ.

ಬಸ್ಸಿಗೆ ಅಜ್ಜಿಯ ಅಪ್ಪಣೆಯಾಗಿತ್ತು, ಪಡಸಾಲೆಗೆ ಕಾಲಿಡಬಾರದು. ಹುಡುಗಿ ಮೂರು ಗಂಟೆಗೆ ಹೊಸ್ತಿಲ ಆಚೆ ನಿಂತು, ಕೈ ಒಳಗೆ ಚಾಚಿ, ಅಂಗೈಯಲ್ಲಿ ಕೆಂಪು ಬಿಸಿಲು ಹಿಡಿಯುತ್ತಿದ್ದಳು. ಕೈಯ ಬಗ್ಗೆ ಅಜ್ಜಿ ಏನೂ ಹೇಳಿರಲಿಲ್ಲ. ಗುರುದೇವಿ ಒಳಗಿನಿಂದ ನೋಡುತ್ತಿದ್ದಳು. ಮೆಲ್ಲಗೆ ಒಂದು ದಿನ ಜಾಲರಿಯ ಪಕ್ಕದ ಕಟ್ಟೆಗೆ ಬಂದು ಕೂತು, ತಲೆ ಬಾಚಲೇ ಎಂದು ಕೇಳಿದಳು. ಹುಡುಗಿ ಲಾಯದ ಕಡೆ ನೋಡಿ, ಬೇಗ ಬಾಚು ವೈನಿ ಎಂದಳು. ಮರುದಿನವೂ ಬಂದಳು. ಅದರ ಮರುದಿನ ಶೇಂಗಾ ಹಿಂಡಿ ಬೇಡಿ ತಿಂದಳು. ನೆತ್ತಿಯ ಮೇಲೆ ಒಂದು ಸಣ್ಣ ಗಾಯದ ಗುರುತಿತ್ತು. ಎಂದು ಬಿದ್ದೆ, ಎಷ್ಟು ರಕ್ತ ಬಂತು ಎಂದು ಗುರುದೇವಿ ಕೇಳಿದಳು. ಹುಡುಗಿಗೆ ನೆನಪಿರಲಿಲ್ಲ. ತನ್ನ ಮಗಳಿಗೆ ಗಾಯ ಹೇಗಾಯಿತು ಎಂದು ಗುರುದೇವಿ ಅತ್ತೆಯನ್ನೇ ಕೇಳಬೇಕಾಗಿತ್ತು. ಲಾಯದ ಬಾಗಿಲಲ್ಲಿ ಸೂಗಮ್ಮ ಅಕ್ಕಿ ಆರಿಸುತ್ತ ಇದೆಲ್ಲವನ್ನೂ ನೋಡುತ್ತಿದ್ದಳು, ಹುಡುಗಿಯನ್ನು ತಡೆಯಲಿಲ್ಲ.

ಮೂರನೇ ವಾರ ಗುರುದೇವಿ ಚಿತ್ತಾಪುರಕ್ಕೆ ಹೋಗಿ ಬಾಬುಮಿಯಾನ ಮನೆ ಹುಡುಕಿದಳು. ಮುದುಕ ಅಂದಿನಿಂದ ವಾಡಿಯ ಕಡೆ ಮುಖ ಹಾಕಿರಲಿಲ್ಲ. ನನ್ನ ಬಾಯಿಂದ ನಿಮ್ಮ ಮನೆ ಒಡೆಯಿತು ಎಂದು ಕಣ್ಣಲ್ಲಿ ನೀರು ತಂದ. ಹಚ್ಚಿದ ಕೈಯಿಂದಲೇ ಕೀಳಿರಿ ಎಂದು ಇವಳು ಕೇಳಿಕೊಂಡಳು. ಮಾಡುತ್ತಿದ್ದೆ ತಾಯಿ, ಆದರೆ ಗೋಡೆಗೆ ಉಳಿ ಹಚ್ಚಿದರೆ ಜೋಕೆ ಎಂದು ನಿಮ್ಮ ಯಜಮಾನರು ಮೊನ್ನೆಯೇ ಹೇಳಿ ಕಳಿಸಿದ್ದಾರೆ ಎಂದ ಅವನು. ಹೆಂಡತಿ ಇಲ್ಲಿಗೆ ಬರುತ್ತಾಳೆ ಎಂದು ಅಂಬಾರಾಯನಿಗೆ ಅವಳಿಗಿಂತ ಮೊದಲೇ ಹೊಳೆದಿತ್ತು.

ತಿರುಗಿ ಬಂದವಳೇ ಮರುದಿನ ಮಧ್ಯಾಹ್ನ ಹಿತ್ತಲಿನ ಹಾರೆ ತಂದು ತಾನೇ ಗೋಡೆಗೆ ಹೊಡೆದಳು. ಹಾರೆ ಜಾರಿತು. ಮತ್ತೆ ಹೊಡೆದಳು. ನಾಲ್ಕನೇ ಏಟಿಗೆ ಅಂಗೈಯಷ್ಟು ಚಕ್ಕೆ ಎದ್ದಿತು. ತಾನೇ ಮೋಹಪಟ್ಟು ಮಾಡಿಸಿದ ಗೋಡೆಯಲ್ಲಿ ಹಾರೆ ಹಿಡಿದ ತನ್ನ ಮುಖ ಕಂಡು ಒಂದು ಗಳಿಗೆ ನಿಂತಳು, ಆಮೇಲೆ ಆ ಮುಖಕ್ಕೇ ಗುರಿಯಿಟ್ಟು ಹೊಡೆದಳು. ಸಪ್ಪಳಕ್ಕೆ ಓಡಿಬಂದ ಅಂಬಾರಾಯ ಹಾರೆ ಕಸಿದುಕೊಂಡ.

"ತಲಿ ಕೆಟ್ಟದೇನು ನಿನಗ? ಹೈದರಾಬಾದಿನಾಗೂ ಇಂಥ ಗ್ವಾಡಿ ಇಲ್ಲ."

"ಹೈದರಾಬಾದಿನಾಗ ನನ್ನ ಮಗಳೂ ಇಲ್ಲ. ಹಾರಿ ಕೊಡ್ರಿ."

"ಕೊಡಂಗಿಲ್ಲ. ಮಗಳು ಎಲ್ಲಿಗಿ ಹೋಗ್ತಾಳ? ನಾಲ್ಕು ಮೈಲ ರಾವೂರಿಗಿ. ಹಬ್ಬಕ್ಕ ಬರ್ತಾಳ, ಹೋಗ್ತಾಳ. ಈ ಗ್ವಾಡಿ ಬಿದ್ರ ಮತ್ತ ಕಟ್ಟಾವ್ರು ಯಾರದಾರ? ಆ ಮುದುಕ ಇವತ್ತೋ ನಾಳೆಯೋ ಅಂತಾನ."

"ಆರು ವರ್ಷ ಹಬ್ಬಕ್ಕೇ ನೋಡೀನಿ," ಎಂದಳು ಗುರುದೇವಿ. "ನನಗ ಹಬ್ಬದ ಮಗಳು ಬ್ಯಾಡ. ದಿನಾ ಜಗಳ ಆಡೂ ಮಗಳು ಬೇಕು."

ಅಂಬಾರಾಯ ಹಾರೆಯನ್ನು ಗೂಡ್ಸ್ ಶೆಡ್ಡಿಗೆ ಒಯ್ದು ಬೀಗ ಹಾಕಿದ. ಎದ್ದ ಚಕ್ಕೆಯ ಜಾಗಕ್ಕೆ ಇಂಜಿನಿಯರ ಸಾಹೇಬರ ಕಾಲದ ಒಂದು ಫೋಟೋ ತೂಗುಹಾಕಿದ. ಅವನು ಕೆಟ್ಟವನಲ್ಲ. ಕಲ್ಲು ಎಣಿಸುವುದರಲ್ಲೇ ಜೀವ ಸವೆಸಿದವನಿಗೆ ಮಂದಿ ಬಾಯಿಬಿಟ್ಟು ನೋಡುವ ಒಂದು ವಸ್ತು ಸಿಕ್ಕಿತ್ತು, ಅದನ್ನು ಬಿಡಲು ಅವನ ಕೈ ಏಳಲಿಲ್ಲ. ಆದರೂ ಅವನ ಮೇಲೆ ಸಿಟ್ಟು ಬರದೆ ಇರುವುದಿಲ್ಲ.

ಅಂದು ಸಂಜೆ ಲಾಯದ ಬಾಗಿಲಲ್ಲಿ ಇಟ್ಟ ಬಟ್ಟಲು ಮಾತ್ರ ಖಾಲಿಯಾಗಿತ್ತು. ಹಾರೆಯ ಸಪ್ಪಳ ಲಾಯಕ್ಕೂ ಕೇಳಿರಬೇಕು. ಪಲ್ಯ ಬಸ್ಸಿ ತಿಂದಳೋ ಅತ್ತೆ ತಿಂದಳೋ ಗುರುದೇವಿ ಕೇಳಲಿಲ್ಲ. ಬಟ್ಟಲನ್ನು ತೊಳೆದು ಬೋರಲು ಹಾಕಿದ್ದರು.

ಕಾರಹುಣ್ಣಿಮೆಯ ಹಿಂದಿನ ದಿನ ಬೆಳಿಗ್ಗೆ ಮಾಣಿಕಪ್ಪ ಗಾಡಿ ತಂದು ಹಿತ್ತಲ ಬಾಗಿಲಿಗೆ ನಿಲ್ಲಿಸಿದ. ಮಿರಗದ ಮಳೆ ಎರಡು ಬಿದ್ದು ನೆಲ ಹದವಾಗಿತ್ತು. ರಾವೂರಿನಲ್ಲಿ ಬಿತ್ತನೆ ಕಾಯುತ್ತಿತ್ತು. ಸೂಗಮ್ಮ ಗೋಡೆಯ ಸುದ್ದಿ ಕೇಳಲೂ ಇಲ್ಲ, ಗಂಟು ಕಟ್ಟಿಕೊಂಡು ಕೂತಿದ್ದಳು. ಅದೇ ಹೊತ್ತಿಗೆ ಮುಂದಿನ ಬಾಗಿಲಿಗೆ ಸಿಕಂದರಾಬಾದಿನ ರೈಲ್ವೆಯ ದೊಡ್ಡ ಅಧಿಕಾರಿಯೊಬ್ಬರು ಹೆಂಡತಿಯ ಸಮೇತ ಬಂದರು. ಅಂಬಾರಾಯ ಎಂಟು ದಿನದಿಂದ ಕಾಯುತ್ತಿದ್ದ ಅತಿಥಿಗಳು. ಕೋಟು ಹಾಕಿಕೊಂಡು ಒಮ್ಮೆ ಹಿತ್ತಲಿಗೆ ಓಡಿ, ಒಂದೇ ತಾಸು ತಡೆ ಅವ್ವಾ, ಇವರು ಹೋಗಲಿ, ಕೂತು ಮಾತಾಡೋಣ ಎಂದ. ಮತ್ತೆ ಅಡಿಗೆಮನೆಯಲ್ಲಿ ತಲೆ ಹಾಕಿ, ಪಿಂಗಾಣಿ ಕಪ್ಪಿನಲ್ಲಿ ಚಹಾ ಕಳಿಸು ಎಂದ. ಮತ್ತೆ ತಲೆಬಾಗಿಲಿಗೆ ಓಡಿದ.

ಗುರುದೇವಿ ಚಹಾ ಮಾಡಿದಳು. ಕಪ್ಪುಗಳನ್ನು ತಟ್ಟೆಯಲ್ಲಿ ಜೋಡಿಸಿ ಪಡಸಾಲೆಯ ಮೇಜಿನ ಮೇಲೆ ಇಟ್ಟು ಬಂದಳು. ಆಮೇಲೆ ದೇವರಮನೆಗೆ ಹೋಗಿ ಬಂದಳು. ಎರಡು ಸೀರೆಯನ್ನು ಒಂದು ಟವಲಿನಲ್ಲಿ ಗಂಟು ಕಟ್ಟಿಕೊಂಡು ಹಿತ್ತಲಿಗೆ ನಡೆದಳು. ಗಾಡಿಯಲ್ಲಿ ಸೂಗಮ್ಮ ಹತ್ತಿ ಕೂತಿದ್ದಳು, ಮಗ್ಗುಲಲ್ಲಿ ಬಸ್ಸಿ. ಹುಡುಗಿಯ ಮುಖ ಅತ್ತು ಉಬ್ಬಿತ್ತು, ಯಾಕೆ ಅತ್ತಳೆಂದು ಹೇಳಲು ಅವಳಿಗೂ ಬರುತ್ತಿರಲಿಲ್ಲ.

"ನೀ ಎಲ್ಲಿಗಿ?" ಎಂದಳು ಸೂಗಮ್ಮ.

"ನಾನೂ ಬರ್ತೀನ್ರಿ ಅತ್ತಿ."

"ಅಲ್ಲಿ ನಿನಗ ಬಣ್ಣದ ಗಾಜಿಲ್ಲ. ದನದ ಮಗ್ಗಲದಾಗ ಮಲಗಬೇಕು."

"ಮಲಗ್ತೀನಿ."

"ನನ್ನ ಒಲಿ ಮುಟ್ಟಗೊಡಂಗಿಲ್ಲ."

"ಮುಟ್ಟಂಗಿಲ್ಲ. ಹೊಲಕ್ಕ ಹೋಗ್ತೀನಿ, ಶಗಣಿ ತಗೀತೀನಿ. ನಾ ಮಾಡಿದ್ದು ತಪ್ಪೇ ಅದ, ಇಲ್ಲ ಅನ್ನಂಗಿಲ್ಲ. ಗ್ವಾಡಿ ಕೀಳಾದು ನನ್ನ ಕೈಯಾಗ ಉಳಿಲಿಲ್ಲ. ಬರಾದು ನನ್ನ ಕೈಯಾಗ ಅದ."

ಮಾಣಿಕಪ್ಪ ಎತ್ತಿನ ಕೊರಳ ಹಗ್ಗ ನೋಡುತ್ತ ನಿಂತ. ಒಳಗಿನಿಂದ ಅಂಬಾರಾಯನ ಧ್ವನಿ ಕೇಳುತ್ತಿತ್ತು. ತೇಗದ ಮಾಳಿಗೆ ಮುಗಿಸಿ ಹಿತ್ತಾಳೆ ಕೊಂಡಿಗೆ ಬಂದಿದ್ದ. ಗೋಡೆಗೆ ಇನ್ನೂ ಹೊತ್ತಿತ್ತು.

"ಅಲ್ಲಿ ಎಷ್ಟು ದಿನ ಇರ್ತೀ ವೈನಿ?" ಎಂದು ಬಸ್ಸಿ ಕೇಳಿದಳು.

"ನೀ ಇರೂತನ."

ಸೂಗಮ್ಮ ಸೊಸೆಯ ಕಡೆ ತಿರುಗಿದಳು. ಆ ಮುದುಕಿಗೆ ಮೊಮ್ಮಗಳನ್ನು ಬಿಟ್ಟಿರುವ ಧೈರ್ಯ ಇರಲಿಲ್ಲ, ಅದನ್ನು ಒಪ್ಪಿಕೊಳ್ಳುವ ಬಾಯಿಯೂ ಇರಲಿಲ್ಲ. ಈಗ ಎದುರಿಗೆ ನಿಂತವಳು ಬಿಡು ಎಂದು ಕೇಳುತ್ತಿಲ್ಲ, ಜಾಗ ಕೊಡು ಎಂದು ಕೇಳುತ್ತಿದ್ದಾಳೆ. ಸಂಜೆಗೆ ತಿರುಗಿ ಬರುವ ಹೆಂಗಸು ಒಲೆಯ ಕೆಂಡಕ್ಕೆ ಬೂದಿ ಮುಚ್ಚಿ ಹೊರಡುತ್ತಾಳೆ, ಬಂದಾಗ ಊದಿದರೆ ಹೊತ್ತಿಕೊಳ್ಳಲಿ ಎಂದು. ಸೂಗಮ್ಮ ಕೇಳಿದ್ದು ಅದನ್ನೇ.

"ಒಲಿಗಿ ಬೂದಿ ಮುಚ್ಚಿ ಬಂದೀಯೋ, ನೀರು ಹಾಕಿ ಬಂದೀಯೋ?"

"ನೀರು ಹಾಕಿ ಬಂದೀನ್ರಿ."

ಸೂಗಮ್ಮ ತನ್ನ ಗಂಟನ್ನು ಎತ್ತಿ ತೊಡೆಯ ಮೇಲೆ ಇಟ್ಟುಕೊಂಡು, ಮಾಣಿಕಪ್ಪನಿಗೆ, "ಆಕಿ ಹತ್ತಲಿ, ಆಮ್ಯಾಲ ಗಾಡಿ ಹೊಡಿ," ಎಂದಳು.